ಯಜಮಾನನಿಗೂ ಒಬ್ಬ ಯಜಮಾನ

ತನ್ನ ದ್ರವ್ಯದಿಂದ ಯಜ್ಞವನ್ನು ಮಾಡಿಸುವಾತನೇ ಯಜಮಾನನೆಂಬುದು ಸಂಸ್ಕೃತದ ಮೂಲಾರ್ಥ. ಆ ಶಬ್ದವು ಕನ್ನಡಕ್ಕೆ ಬಂದು ಮನೆಯ ಹಿರಿಯನನ್ನೂ, ಗೃಹಿಣಿಯ ಬಾಯಲ್ಲಿ ಪತಿಯನ್ನೂ, ಆಳಿನ ಬಾಯಲ್ಲಿ ಧಣಿಯನ್ನೂ ಸೂಚಿಸತೊಡಗಿತು. ಮನೆಯ ಅಧಿಕಾರವನ್ನೂ ದುಡಿಮೆಯ ಅಧಿಕಾರವನ್ನೂ ಒಟ್ಟಿಗೆ ಹೇಳುವ ಕ್ರೈಸ್ತ ಬೋಧನೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ನುಡಿಯೊಳಗೆ ಪ್ರವೇಶಿಸಿದಾಗ ಏನಾಯಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಮತತತ್ತ್ವದ ಜಿಜ್ಞಾಸೆಗೆ ನಾವು ಅಧಿಕಾರಿಗಳಲ್ಲ. ಚರಿತ್ರೆಯ ಕಡೆಯಿಂದ ನೋಡುವುದಷ್ಟೇ ನಮಗೆ ಸಾಧ್ಯ.

ಎಫೆಸದವರಿಗೂ ಕೊಲೊಸ್ಸೆಯವರಿಗೂ ಪೌಲನ ಹೆಸರಿನಲ್ಲಿ ಬರೆದ ಪತ್ರಗಳಲ್ಲಿ ಈ ಬೋಧನೆಯ ಮೂಲವಿದೆ. ಹೆಂಡತಿಯು ಗಂಡನಿಗೆ ಅಧೀನಳಾಗಿರಬೇಕು, ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕು, ದಾಸರು ಒಡೆಯರಿಗೆ ವಿಧೇಯರಾಗಿರಬೇಕು ಎಂಬುದು ಅದರ ಒಂದು ಮುಖ. ಇಷ್ಟನ್ನೇ ಹೇಳಿದ್ದರೆ ಅದರಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಗ್ರೀಸಿನ ಅರಿಸ್ಟಾಟಲನು ಮನೆತನವನ್ನು ಇದೇ ಮೂರು ಜೋಡಿಗಳಾಗಿ ವಿಂಗಡಿಸಿದ್ದನು. ಆದರೆ ಆ ತತ್ತ್ವಜ್ಞನ ಮಾತು ಆಳುವವನನ್ನು ಕುರಿತದ್ದು. ಪತ್ರಕಾರನಾದರೋ ಹೆಂಡತಿ, ಮಗು, ದಾಸ ಇವರನ್ನೇ ಮೊದಲು ಸಂಬೋಧಿಸಿ, ಆಮೇಲೆ ಹಿರಿಯರ ಕಡೆಗೆ ತಿರುಗುತ್ತಾನೆ: ಗಂಡನು ಹೆಂಡತಿಯನ್ನು ತನ್ನ ದೇಹದಂತೆ ಪ್ರೀತಿಸಬೇಕು, ತಂದೆಯು ಮಕ್ಕಳನ್ನು ಕೆಣಕಬಾರದು, ಒಡೆಯನು ಬೆದರಿಕೆಯನ್ನು ಬಿಡಬೇಕು; ಏಕೆಂದರೆ ಆ ಒಡೆಯನಿಗೂ ಪರಲೋಕದಲ್ಲಿ ಒಬ್ಬ ಒಡೆಯನಿದ್ದಾನೆ, ಆತನಿಗೆ ಪಕ್ಷಪಾತವಿಲ್ಲ. ದಾಸ್ಯವನ್ನೇ ಕಿತ್ತುಹಾಕಿರೆಂದು ಈ ಪತ್ರಗಳು ಹೇಳಲಿಲ್ಲ. ಅಮೆರಿಕೆಯ ಗುಲಾಮರ ಧಣಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಇವುಗಳ ಮೊದಲರ್ಧವನ್ನೇ ತಮಗೆ ಆಧಾರವಾಗಿ ಹಿಡಿದದ್ದು ಆ ಮತದ ಚರಿತ್ರೆಯಲ್ಲಿ ಕಪ್ಪು ಪುಟವೇ ಸರಿ.

ಕನ್ನಡ ನಾಡಿಗೆ ಈ ಗ್ರಂಥವು ಬಂದ ಒಂದು ದಾರಿ ಬಳ್ಳಾರಿ. 1810ರಲ್ಲಿ ಅಲ್ಲಿ ನೆಲಸಿದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ಬೈಬಲನ್ನು ಕನ್ನಡಿಸಿದರು. 1953ರಲ್ಲಿ ಆಂಧ್ರಕ್ಕೆ ಸೇರಿಹೋದ ಆದವಾನಿ, ರಾಯದುರ್ಗಗಳು ಆಗ ಆ ಜಿಲ್ಲೆಯವೇ. ಮನೆಯ ಅಧಿಕಾರದ ಬಗೆಗೆ ದೇಶಕ್ಕೆಲ್ಲ ದಾರಿ ತೋರಿದ ಮೊಕದ್ದಮೆಯೊಂದು ಹುಟ್ಟಿದ್ದೂ ಆ ಊರಲ್ಲಿಯೇ. ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತ ವ್ಯಾಪಾರಿ 1842ರಲ್ಲಿ ತೀರಿಕೊಂಡನು. ಅವನ ಆಸ್ತಿಗಾಗಿ ವಿಧವೆ ಷಾರ್ಲೊಟ್ಟಳಿಗೂ ತಮ್ಮ ಫ್ರಾನ್ಸಿಸನಿಗೂ ವ್ಯಾಜ್ಯ ಬಿತ್ತು. ತಮ್ಮನು ಅವಿಭಕ್ತ ಹಿಂದೂ ಕುಟುಂಬದ ನ್ಯಾಯವನ್ನು ಹಿಡಿದನು. ವಿಧವೆಯು ಅದನ್ನು ಒಪ್ಪಲಿಲ್ಲ. 1863ರಲ್ಲಿ ಪ್ರಿವಿ ಕೌನ್ಸಿಲು, ಮತಾಂತರಗೊಂಡವನನ್ನು ಹಳೆಯ ಕುಟುಂಬನ್ಯಾಯವು ತಾನಾಗಿಯೇ ಕಟ್ಟಿಹಾಕದು, ಅದನ್ನು ಉಳಿಸಿಕೊಳ್ಳುವುದೂ ಬಿಡುವುದೂ ಅವನ ನಡತೆಗೆ ಸೇರಿದ್ದು ಎಂದು ತೀರ್ಪಿತ್ತಿತು.

ತುಳುನಾಡಿನಲ್ಲಿ ಈ ಪ್ರಶ್ನೆಯು ಇನ್ನೂ ತೊಡಕಾಗಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರು ಬಂದ ಸೀಮೆಯಲ್ಲಿ ಲೂಥರನು 1529ರಲ್ಲಿ ಬರೆದ ಕಿರು ಪ್ರಶ್ನೋತ್ತರ ಗ್ರಂಥವು ಹೆಸರಾಗಿತ್ತು. ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯನ್ನು ಲೂಥರನು ಧಣಿಗಳಿಗೂ ಅಧಿಕಾರಿಗಳಿಗೂ ವಿಸ್ತರಿಸಿದ್ದನು. ಅಲ್ಲಿ ಮನೆಯ ತಲೆಯೆಂದರೆ ತಂದೆ. ಇಲ್ಲಿಯೋ! ಬಿಲ್ಲವರು, ಬಂಟರು ಮೊದಲಾದವರಲ್ಲಿ ಅಳಿಯಸಂತಾನದ ಕಟ್ಟು. ಮನೆತನವು ತಾಯಿಯ ಕಡೆಯಿಂದ ನಡೆಯುವುದು. ಕುಟುಂಬದ ಯಜಮಾನನು ಸೋದರಮಾವನು. ಹಿರಿಯಳಾದ ಹೆಣ್ಣೂ ಯಜಮಾನಿಯಾಗಬಹುದು. ತಂದೆಯನ್ನು ಪ್ರೀತಿಸುವುದುಂಟು, ಆದರೆ ಆಸ್ತಿಯ ಕೀಲಿಕೈ ಅವನಲ್ಲಿಲ್ಲ. ಮಿಶನ್ನನ್ನು ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ತಂದೆಯನ್ನು ಗೌರವಿಸೆಂಬ ಪಾಠವು ಅವರಿಗೆ ಇದ್ದ ಯಜಮಾನನಿಗೆ ಬಾಗುವ ಪಾಠವಾಗಲಿಲ್ಲ. ಯಜಮಾನಿಕೆಯನ್ನೇ ಮಾವನಿಂದ ತಂದೆಗೆ ಸಾಗಿಸಿತು.

ಕಾನೂನೂ ಇದಕ್ಕೆ ಒತ್ತಾಸೆಯಾಯಿತು. ಮತ ಬಿಟ್ಟವನ ಆಸ್ತಿಯ ಹಕ್ಕು ಅಳಿಯದೆಂದು 1850ರ ಶಾಸನವು ವಿಧಿಸಿತು. 1865ರ ಭಾರತೀಯ ಉತ್ತರಾಧಿಕಾರ ಶಾಸನದಂತೆ, ಮೃತ್ಯುಪತ್ರವಿಲ್ಲದೆ ಮಡಿದ ಕ್ರೈಸ್ತನ ಆಸ್ತಿಯ ಮೂರನೆಯ ಒಂದಂಶ ವಿಧವೆಗೆ, ಉಳಿದದ್ದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಹೆಣ್ಣು ಗಂಡನಿಗೆ ಅಧೀನಳೆಂದು ದೇವಾಲಯದಲ್ಲಿ ಬೋಧಿಸುತ್ತಿದ್ದ ಸಮಾಜದಲ್ಲಿ ಮಗಳಿಗೆ ಮಗನಷ್ಟೇ ಪಾಲು! ಆದರೆ ತುಳುವ ಹೆಣ್ಣು ಇದರಲ್ಲಿ ಕಳೆದುಕೊಂಡದ್ದೂ ಉಂಟು. ತನ್ನ ಹೊಟ್ಟೆಯಿಂದಲೇ ಮನೆತನ ಮುಂದುವರಿಯುವುದೆಂಬ ಹೆಮ್ಮೆ, ತವರಿನಲ್ಲಿ ಜನ್ಮಾಂತ ನೆಲೆ, ಇವು ಹೋದುವು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗಲು ನಮ್ಮ ಕೈಯಲ್ಲಿ ತಕ್ಕಡಿಯಿಲ್ಲ.

ತಂದೆತಾಯಿಗಳಿಗೆ ವಿಧೇಯತೆಯನ್ನು ಕಲಿಸುವ ಮತವನ್ನು ಸೇರಲು ತಂದೆತಾಯಿಗಳನ್ನೇ ಮೀರಬೇಕಾಗಿ ಬಂದ ವೈಪರೀತ್ಯವೊಂದಿದೆ. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಇಬ್ಬರು ಗೆಳೆಯರೊಡನೆ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದರು. ಊರೆಲ್ಲ ಕಲಕಿಹೋಯಿತು. ಕೌಂಡಿನ್ಯರು ಬಾಸೆಲಿನಲ್ಲಿ ಓದಿ ಬೋಧಕರಾಗಿ ಹಿಂದಿರುಗಿದರು. ಮೊದಲ ಹೆಂಡತಿ ಅವರೊಡನೆ ಬಾಳಲು ಬರಲಿಲ್ಲ. 1860ರಲ್ಲಿ ಅವರು ಜರ್ಮನ್ ಮಹಿಳೆಯೊಬ್ಬರನ್ನು ವಿವಾಹವಾದರು. ಇದನ್ನು ಬರೆಯುವವರು ಸಾಮಾನ್ಯವಾಗಿ ಮತಾಂತರದ ಸಾಹಸವನ್ನೋ ಅಪಚಾರವನ್ನೋ ವರ್ಣಿಸುತ್ತಾರೆ. ತವರಿನಲ್ಲಿ ಉಳಿದುಹೋದ ಆ ಹೆಣ್ಣಿನ ಪಾಲಿಗೆ ಯಜಮಾನನೆಂದರೆ ಯಾರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಇನ್ನು ದುಡಿಮೆಯ ವಿಷಯ. ಮತಾಂತರಗೊಂಡವರಿಗೆ ಕುಲದ ನಂಟೂ ಗೇಣಿಯ ಭೂಮಿಯೂ ತಪ್ಪಿದವು. ಕಳ್ಳಿಳಿಸುವ ಮೂರ್ತೆಯ ಕಸುಬನ್ನು ಮಿಶನ್ನು ಒಪ್ಪಲಿಲ್ಲ. ಅನ್ನಕ್ಕೆ ದಾರಿ ಬೇಕಲ್ಲವೆ? 1841ರಲ್ಲಿ ಅಚ್ಚುಕೂಟ, 1851ರಲ್ಲಿ ಹಾಲರರು ಬಂದ ಮೇಲೆ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಪ್ಲೆಬ್ಸ್ಟರ ಹಂಚಿನ ಕಾರ್ಖಾನೆ ಹುಟ್ಟಿದವು. ನಮ್ಮ ಕಾಸರಗೋಡು ಸೀಮೆಯ ಹಳೆಯ ಮಾಡುಗಳ ಮೇಲೆ ಆ ಹಂಚು ಇಂದಿಗೂ ಕಾಣಸಿಗುತ್ತದೆ. ಕೆಲಸವು ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು; ಆದಿತ್ಯವಾರ ಬಿಡುವು. ಹುಟ್ಟಿನ ಕಸುಬಲ್ಲದ ಕೆಲಸವನ್ನು ಕಲಿತು, ಕೂಲಿಯನ್ನು ಹಣದ ರೂಪದಲ್ಲಿ ಪಡೆದು, ಹೊತ್ತಿಗೆ ಸರಿಯಾಗಿ ಬರುವುದು ಅಂದಿಗೆ ಹೊಸ ಶಿಸ್ತು. ಗುಲಾಮಗಿರಿಗೆ ಕಾನೂನಿನ ಬಲವಿಲ್ಲವೆಂದು ಸಾರಿದ ಶಾಸನವು ಹೊರಟದ್ದೇ 1843ರಲ್ಲಿ ಎಂಬುದನ್ನು ನೆನೆದರೆ, ಈ ಮಾರ್ಪಾಡು ಎಷ್ಟು ದೊಡ್ಡದೆಂಬುದು ತಿಳಿದೀತು.

ಆದರೂ ನಮ್ಮ ಮನಸ್ಸಿಗೆ ಸಮಾಧಾನವಾಗದ ಅಂಶವೊಂದಿದೆ. ಪಾಠ ಹೇಳುವವರೂ, ಪಾಪವನ್ನು ವಿಚಾರಿಸುವವರೂ, ಕೂಲಿ ಕೊಡುವವರೂ ಒಂದೇ ಮಿಶನ್ನಿನವರು. ಕಾರ್ಖಾನೆಯಲ್ಲಿ ತಪ್ಪಿದವನು ಸಭೆಯಲ್ಲಿಯೂ ತಲೆ ತಗ್ಗಿಸಬೇಕು. ಸಭೆಯಲ್ಲಿ ಕೆಟ್ಟವನೆನಿಸಿದವನಿಗೆ ಕೆಲಸದ ಚಿಂತೆ. ಧಣಿಯ ಮೇಲಿನ ಧಣಿಯ ಪರವಾಗಿ ಮಾತನಾಡುವವನೂ ಧಣಿಯೇ ಆದರೆ ಆಳು ಯಾರಲ್ಲಿ ಮೊರೆಯಿಡಬೇಕು? ಈ ಇಕ್ಕಟ್ಟು ಬಾಸೆಲಿನ ಹಿರಿಯರಿಗೂ ತಿಳಿಯದೆ ಇರಲಿಲ್ಲ. ಧರ್ಮಪ್ರಚಾರಕ್ಕೂ ವ್ಯಾಪಾರಕ್ಕೂ ನಂಟು ಎಷ್ಟಿರಬೇಕೆಂಬ ಚರ್ಚೆ ಅಲ್ಲಿ ನಡೆದು, 1859ರಲ್ಲಿ ವ್ಯಾಪಾರಕ್ಕಾಗಿಯೇ ಪ್ರತ್ಯೇಕ ಕಂಪೆನಿ ಸ್ಥಾಪಿತವಾಯಿತು. ಪಾದ್ರಿಯನ್ನೂ ಧಣಿಯನ್ನೂ ಪೂರ್ತಿಯಾಗಿ ಬೇರ್ಪಡಿಸಿದ್ದು ಮಾತ್ರ ಮೊದಲನೆಯ ಮಹಾಯುದ್ಧ. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು. ಸರಕಾರವು ಕಾರ್ಖಾನೆಗಳನ್ನು ಶತ್ರುಸ್ವತ್ತೆಂದು ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಸಭೆಗಳ ಭಾರವು ಈ ನಾಡಿನ ಬೋಧಕರ ಮತ್ತು ಹಿರಿಯರ ಹೆಗಲಿಗೆ ಬಂತು.