ತನ್ನತನದ ಸಿದ್ಧಿ: ಒಂದು ವಿಚಾರದ ಹುಟ್ಟು

‘ನಿಮ್ಮ ಶಕ್ತಿಯನ್ನು ಪೂರ್ಣವಾಗಿ ಅರಳಿಸಿಕೊಳ್ಳಿರಿ’ ಎಂದು ಬೋಧಿಸುವ ಪುಸ್ತಕಗಳು ಈಗ ಅಂಗಡಿಗಳಲ್ಲಿ ಹೇರಳವಾಗಿವೆ. ಈ ಬೋಧೆಯ ಹಿಂದಿರುವ ಮನಶ್ಶಾಸ್ತ್ರದ ಮಾತನ್ನು ಕೆಲವರು ‘ಆತ್ಮಸಾಕ್ಷಾತ್ಕಾರ’ವೆಂದು ಕನ್ನಡಿಸುವುದುಂಟು. ಅದು ವೇದಾಂತದ ಪರಿಭಾಷೆ, ಇಲ್ಲಿಗೆ ಒಪ್ಪದು. ತನ್ನೊಳಗೆ ಬೀಜರೂಪದಲ್ಲಿರುವುದನ್ನು ಬಾಳಿನಲ್ಲಿ ತಂದುಕೊಳ್ಳುವುದೆಂಬ ಅರ್ಥದಲ್ಲಿ ‘ತನ್ನತನದ ಸಿದ್ಧಿ’ ಎನ್ನೋಣ. ಈ ವಿಚಾರದ ಬೇರು ಇರುವುದು ಮಹಾಪುರುಷರ ಚರಿತ್ರೆಗಳಲ್ಲಲ್ಲ, ಮಿದುಳಿಗೆ ಪೆಟ್ಟು ಬಿದ್ದ ಸಿಪಾಯಿಗಳ ಆಸ್ಪತ್ರೆಯಲ್ಲಿ ಎಂದರೆ ವಾಚಕರಿಗೆ ಸೋಜಿಗವಾದೀತು.

1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಜರ್ಮನ್ ಸೈನಿಕರನ್ನು ಫ್ರಾಂಕ್‌ಫರ್ಟ್ ನಗರದಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರು ನೋಡಿಕೊಳ್ಳುತ್ತಿದ್ದರು. ತನ್ನಿಂದಾಗದ ಕೆಲಸವೊಂದು ಎದುರಾದೊಡನೆ ರೋಗಿಯು ತಬ್ಬಿಬ್ಬಾಗಿ, ಸಿಡುಕಿ, ಬರುತ್ತಿದ್ದ ಕೆಲಸವನ್ನೂ ಮಾಡಲಾರದೆ ಹೋಗುತ್ತಿದ್ದನು. ಅಂಥವರು ತಮ್ಮ ಸಾಮಾನುಗಳನ್ನು ಅತಿಯಾದ ಅಚ್ಚುಕಟ್ಟಿನಲ್ಲಿ ಇಟ್ಟುಕೊಳ್ಳುವರು. ಒಂದಿಷ್ಟು ಅಸ್ತವ್ಯಸ್ತವಾದರೂ ಸಹಿಸರು. ಗೋಲ್ಡ್‌ಸ್ಟೈನ್ ಇದನ್ನು ಬರಿಯ ರೋಗಲಕ್ಷಣವೆಂದು ಬಿಡಲಿಲ್ಲ. ಕುಗ್ಗಿದ ಶಕ್ತಿಗೆ ತಕ್ಕಂತೆ ತನ್ನ ಲೋಕವನ್ನೂ ಕಿರಿದುಮಾಡಿಕೊಂಡು, ಉಳಿದಷ್ಟರಲ್ಲಿ ಇಡಿಯ ಮನುಷ್ಯನಾಗಿ ಬಾಳುವ ಪ್ರಯತ್ನವನ್ನು ಅದರಲ್ಲಿ ಕಂಡರು. ಇದೇ ಸಕಲ ಜೀವಿಗಳ ಮೂಲಪ್ರೇರಣೆಯೆಂದರು. ಆರೋಗ್ಯವೆಂದರೆ ಹಿಂದಿನ ಸ್ಥಿತಿಗೆ ಮರಳುವುದಷ್ಟೇ ಅಲ್ಲ, ಹೊಸ ಮಿತಿಯೊಳಗೆ ಹೊಸ ಕ್ರಮವೊಂದನ್ನು ಕಂಡುಕೊಳ್ಳುವುದೂ ಹೌದು.

1933ರಲ್ಲಿ ನಾಜಿಗಳು ಯೆಹೂದ್ಯರಾದ ಈ ವೈದ್ಯರನ್ನು ಸೆರೆಹಿಡಿದು, ದೇಶ ಬಿಡುವ ಷರತ್ತಿನ ಮೇಲೆ ಬಿಟ್ಟರು. ನೆಲೆ ತಪ್ಪಿದ ಅವರು ಆಮ್‌ಸ್ಟರ್‌ಡಾಮಿನಲ್ಲಿ ಕುಳಿತು ಬರೆದ ಗ್ರಂಥ 1934ರಲ್ಲಿ ಹೊರಬಂತು. ಮರುವರ್ಷ ಅಮೆರಿಕ ಸೇರಿದರು.

ಅಲ್ಲಿಯ ಏಬ್ರಹಾಂ ಮ್ಯಾಸ್ಲೋ 1943ರ ತಮ್ಮ ಲೇಖನದಲ್ಲಿ ಈ ಮಾತು ಗೋಲ್ಡ್‌ಸ್ಟೈನರದೆಂದು ಒಪ್ಪಿಕೊಂಡೇ ಅದರ ಅರ್ಥವನ್ನು ಕಿರಿದುಮಾಡಿದರು. ಹಸಿವು, ಭದ್ರತೆ, ಪ್ರೀತಿ, ಮನ್ನಣೆ ತಕ್ಕಮಟ್ಟಿಗೆ ದೊರೆತ ಮೇಲೆ ತಲೆದೋರುವ ಹಂಬಲವಿದು ಎಂಬುದು ಅವರ ವಾದ. ಲಿಂಕನ್, ಐನ್‌ಸ್ಟೈನ್, ಎಲೀನರ್ ರೂಸ್‌ವೆಲ್ಟ್ ಮೊದಲಾದವರ ಜೀವನವನ್ನು ನೋಡಿ, ಇಂಥವರು ಇದ್ದುದನ್ನು ಇದ್ದಂತೆ ಕಾಣುವರು, ತಮ್ಮನ್ನೂ ಪರರನ್ನೂ ಒಪ್ಪಿಕೊಳ್ಳುವರು, ಏಕಾಂತಕ್ಕೆ ಅಂಜರು ಎಂದು ಲಕ್ಷಣ ಹೇಳಿದರು. ಅವರಲ್ಲಿಯೂ ಹಟ, ಜಂಭ, ನಿಷ್ಠುರತೆಗಳಿವೆಯೆಂದು ಮರೆಮಾಚದೆ ಬರೆದರು. ಆದರೆ ತಾವು ಮೆಚ್ಚಿದವರನ್ನೇ ಆರಿಸಿ, ಅವರಿಂದಲೇ ಲಕ್ಷಣ ತೆಗೆದರೆ ಅದು ಶಾಸ್ತ್ರವಾದೀತೆ? 3,000 ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ಕೂಡಲೇ ಸಲ್ಲುವವನಾಗಿ ಸಿಕ್ಕಿದ್ದು ಒಬ್ಬನಂತೆ! ಎಳೆಯರಲ್ಲಿ ಈ ಸಿದ್ಧಿಯನ್ನು ಹುಡುಕಲಾಗದೆಂದು ಮ್ಯಾಸ್ಲೋ ಸಮಾಧಾನ ಹೇಳಿದರು. ವರ್ಷವರ್ಷವೂ ಮಕ್ಕಳ ಮುಖ ನೋಡುತ್ತ ಬಂದ ನನ್ನಂಥ ಉಪಾಧ್ಯಾಯನಿಗೆ ಆ ಸಮಾಧಾನ ಸಾಲದು. ಗೋಲ್ಡ್‌ಸ್ಟೈನರ ಗಾಯಾಳುಗಳಿಗೂ ಆ ಎಣಿಕೆಯಲ್ಲಿ ಎಡೆಯಿರಲಿಲ್ಲ.

ಈಗ ಎಲ್ಲೆಲ್ಲಿಯೂ ಅಚ್ಚಾಗುವ, ತುದಿಯಲ್ಲಿ ಒಬ್ಬಿಬ್ಬರಿಗೇ ಜಾಗವಿರುವ ಆ ಮುಕ್ಕೋನದ ಗೋಪುರವು 1943ರ ಲೇಖನದಲ್ಲಿ ಇಲ್ಲ. ಅಲ್ಲಿರುವುದು ಬೇರೊಂದು ಲೆಕ್ಕ. ಉದಾಹರಣೆಗಾಗಿ ತಾವೇ ಊಹಿಸಿದ್ದೆಂದು ಹೇಳಿ, ಮ್ಯಾಸ್ಲೋ ಸಾಮಾನ್ಯ ಮನುಷ್ಯನೊಬ್ಬನಿಗೆ ದೇಹದ ಅಗತ್ಯಗಳಲ್ಲಿ ನೂರಕ್ಕೆ 85ರಷ್ಟು, ಪ್ರೀತಿಯಲ್ಲಿ 50ರಷ್ಟು, ತನ್ನತನದ ಸಿದ್ಧಿಯಲ್ಲಿ 10ರಷ್ಟು ತೃಪ್ತಿಯನ್ನು ಕೊಟ್ಟಿದ್ದಾರೆ. ಹತ್ತೇ ಸರಿ, ಸೊನ್ನೆಯಲ್ಲ.