ಗೋವೆಯ ಕನ್ನಡ ಶಾಲೆಗಳು ಮತ್ತು ಮೊಬೈಲಿನಲ್ಲಿ ನಡೆದ ಪಾಠ

ನೂರು ತುಂಬಿದ ಈ ಶಾಲೆಯ ಚರಿತ್ರೆಗೆ ದಾಖಲಾತಿ ರಿಜಿಸ್ಟರೂ ಹಾಜರಿ ಪುಸ್ತಕಗಳೂ ಆಧಾರ. ಆದರೆ ಕನ್ನಡ ಶಿಕ್ಷಣದ ಇತ್ತೀಚಿನ ಒಂದು ಅಧ್ಯಾಯಕ್ಕೆ ಅಂಥ ಯಾವ ಪುಸ್ತಕವೂ ಇಲ್ಲ. ಅದು ಪಾಲಕರ ಮೊಬೈಲುಗಳಲ್ಲಿ ಉಳಿದಿದೆ, ದಿನೇದಿನೇ ಅಳಿಯುತ್ತಲೂ ಇದೆ.

1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡ ಬಳಿಕ ಬಂದರು, ಗಣಿ, ಕಟ್ಟಡಗಳ ಕೆಲಸವನ್ನರಸಿ ಉತ್ತರ ಕರ್ನಾಟಕದ ಅಸಂಖ್ಯ ಕುಟುಂಬಗಳು ಗೋವೆಗೆ ತೆರಳಿದವು. ವಾಸ್ಕೋ ಮೊದಲಾದೆಡೆ ಅವರ ಮಕ್ಕಳಿಗೆ ಕನ್ನಡ ಮಾಧ್ಯಮದ ಶಾಲೆಗಳು ಆಸರೆಯಾದವು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಎಲ್ಲ ಶಾಲೆಗಳೂ ಮುಚ್ಚಿದವು. ಗೋವೆಯ ಪ್ರಾಥಮಿಕ ಶಾಲೆಯ ಮಕ್ಕಳು ತರಗತಿಗೆ ಮರಳಲು 2022ರ ಫೆಬ್ರುವರಿಯವರೆಗೆ ಕಾಯಬೇಕಾಯಿತು.

ಈ ಅವಧಿಯಲ್ಲಿ ವಾಟ್ಸ್‌ಆ್ಯಪ್ ಗುಂಪೇ ತರಗತಿಯಾಯಿತು. ಗುಂಪಿಗೆ ಹಾಕಿದ ಪಾಠ ಎಲ್ಲರಿಗೂ ಒಂದೇ. ಅದರಲ್ಲಿ ಹೊಸತೇನೂ ಇರಲಿಲ್ಲ, ಕಪ್ಪುಹಲಗೆಯೂ ಹಾಗೆಯೇ ತಾನೆ! ನಿಜವಾದ ಕಲಿಕೆ ನಡೆದದ್ದು ಗುಂಪಿನ ಹೊರಗೆ. ಮಗು ನೋಟುಪುಸ್ತಕದ ಪುಟದ ಚಿತ್ರ ತೆಗೆದು ಕಳುಹಿಸುವುದು, ಗುರುಗಳು ಆ ಮಗುವಿನ ಕಾಗುಣಿತದ ತಪ್ಪನ್ನಷ್ಟೇ ತಿದ್ದಿ ಧ್ವನಿಸಂದೇಶದಲ್ಲಿ ಉತ್ತರಿಸುವುದು. ನಲವತ್ತು ಮಕ್ಕಳ ಕೊಠಡಿಯಲ್ಲಿ ದೊರೆಯದ ಗಮನ ಇದು. ದುಡಿಮೆ ನಿಂತು ಊರಿಗೆ ಮರಳಿದ ಮನೆಯ ಮಗುವಿಗೂ, ಫೋನಿದ್ದರೆ, ಅದೇ ಗುರುಗಳ ದನಿ ಗಡಿ ದಾಟಿ ತಲುಪಬಲ್ಲದಾಗಿತ್ತು.

ಆ ‘ಇದ್ದರೆ’ ಎಂಬ ಮಾತಿನಲ್ಲಿಯೇ ತೊಡಕಿತ್ತು. ಗ್ರಾಮೀಣ ಭಾರತವನ್ನು ಕುರಿತ ‘ಅಸರ್’ ಸಮೀಕ್ಷೆಯಂತೆ, ಸ್ಮಾರ್ಟ್‌ಫೋನ್ ಇರುವ ಮನೆಗಳ ಮಕ್ಕಳ ಪ್ರಮಾಣ 2018ರಲ್ಲಿ ಶೇ. 36.5, 2021ರಲ್ಲಿ ಶೇ. 67.6. ಆದರೆ 2021ರಲ್ಲಿಯೂ ಫೋನಿದ್ದ ಮನೆಗಳ ಶೇ. 26ರಷ್ಟು ಮಕ್ಕಳಿಗೆ ಅದು ಬಳಸಲು ಸಿಗುತ್ತಿರಲಿಲ್ಲ. ಕೂಲಿಗೆ ಹೋಗುವ ತಂದೆಯೊಡನೆ ಫೋನೂ ಹೋಗುತ್ತದೆ. ಅದು ಹಿಂದಿರುಗುವ ಹೊತ್ತಿಗೆ ಮಗುವಿಗೆ ನಿದ್ದೆ. ಸಾಂಗೆ, ಸತ್ತರಿ ತಾಲ್ಲೂಕುಗಳ ಕಾಡಂಚಿನ ವಿದ್ಯಾರ್ಥಿಗಳು ಸಿಗ್ನಲ್ಲಿಗಾಗಿ ಗುಡ್ಡವೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ವಾಸ್ಕೋದ ಬಾಡಿಗೆ ಕೋಣೆಗಳಲ್ಲಿ ಸಿಗ್ನಲ್ಲಿಗೆ ಕೊರತೆಯಿರದಿದ್ದರೂ, ಒಂದೇ ಫೋನಿಗೆ ಮೂವರು ಮಕ್ಕಳು ಕಾಯುವಂಥ ಮನೆಗಳ ಪಾಡು ಅಷ್ಟಾಗಿ ಸುದ್ದಿಯಾಗಲಿಲ್ಲ.

ರಾತ್ರಿ ಒಂಬತ್ತರ ಮೇಲೂ ಉತ್ತರಿಸುತ್ತ ಕುಳಿತ ಶಿಕ್ಷಕರ ಶ್ರಮವನ್ನು ಯಾವ ಹಾಜರಿ ಪುಸ್ತಕವೂ ಬರೆದಿಡಲಿಲ್ಲ. ಫೋನ್ ಬದಲಾದಾಗ, ಜಾಗ ಸಾಲದೆ ಅಳಿಸಿದಾಗ, ಆ ದನಿಗಳೂ ಹೋಗುತ್ತವೆ. ಗೋವೆಯಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಿ ಅಂಥ ಧ್ವನಿಸಂದೇಶಗಳೋ ತಿದ್ದಿದ ಪುಟಗಳ ಚಿತ್ರಗಳೋ ಉಳಿದಿದ್ದರೆ, ದಯವಿಟ್ಟು ಅಳಿಸುವ ಮುನ್ನ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ತಲುಪಿಸಬೇಕು. ಹಳೆಯ ರಿಜಿಸ್ಟರುಗಳ ಕಪಾಟಿನಲ್ಲಿ ಅವಕ್ಕೂ ಜಾಗವಿದೆ.