ಹತ್ತು ಅಂಗಡಿ, ಒಂದು ಕೈಬರಹ

ಸಂಜೆ ಹೊತ್ತಿಗೆ ಕಂಕುಳಲ್ಲಿ ಚೀಲವಿಟ್ಟುಕೊಂಡು ಬಂದು, ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಅಂದಿನ ಕಿರ್ದಿ ಬರೆದು, ಮುಂದಿನ ಅಂಗಡಿಗೆ ನಡೆಯುವ ಒಬ್ಬರನ್ನು ಪೇಟೆಯಲ್ಲಿ ಬೆಳೆದವರೆಲ್ಲ ಕಂಡಿರುತ್ತಾರೆ. ಅವರು ಯಾವ ಅಂಗಡಿಯ ನೌಕರರೂ ಅಲ್ಲ. ಎಲ್ಲ ಅಂಗಡಿಗಳ ಗುಟ್ಟೂ ಅವರಿಗೆ ಗೊತ್ತು. ಈ ಸ್ವಂತ ಕಸುಬು ಹುಟ್ಟಿದ್ದು ಹೇಗೆ?

ಲೆಕ್ಕ ಬರೆಯುವುದು ನಮ್ಮಲ್ಲಿ ಹಳೆಯ ವಿದ್ಯೆ. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು ಮಡಚಿದ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಚೇರಿಯ ಫೈಲಿಗೆ ಇಂದಿಗೂ ಅದೇ ಹೆಸರು. ಆದರೆ ಶಾನುಭೋಗರು ಊರಿಗೆ, ಗುಮಾಸ್ತ ಮಂಡಿಗೆ ಕಟ್ಟುಬಿದ್ದವರು. ಸಣ್ಣ ಅಂಗಡಿಯವನಿಗೆ ನೆನಪೇ ಖಾತೆಪುಸ್ತಕ.

ಇದನ್ನು ಬದಲಿಸಿದ್ದು ಮಾರಾಟ ತೆರಿಗೆ. ಮದರಾಸು ಪ್ರಾಂತ್ಯದಲ್ಲಿ 1939ರಲ್ಲೇ ಅದು ಜಾರಿಗೆ ಬಂತು. ಆಗ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅದೇ ಪ್ರಾಂತ್ಯದಲ್ಲಿದ್ದವು. ಮೈಸೂರಿನ ಕಾಯಿದೆ 1948ರದು. ಏಕೀಕರಣದ ನಂತರ 1957ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯಿದೆಯಾಯಿತು. ನೋಂದಾಯಿತ ವರ್ತಕ ಲೆಕ್ಕ ಇಡಲೇಬೇಕು, ರಿಟರ್ನ್ಸ್ ಸಲ್ಲಿಸಲೇಬೇಕು. ಇಡೀ ಸಂಬಳ ಕೊಟ್ಟು ಗುಮಾಸ್ತನನ್ನು ಇಟ್ಟುಕೊಳ್ಳುವ ಶಕ್ತಿ ಸಣ್ಣವರಿಗಿಲ್ಲ. ಹತ್ತು ಅಂಗಡಿಯವರು ಒಬ್ಬರನ್ನೇ ಹಂಚಿಕೊಂಡರು.

ಈ ಕಸುಬು ಆರಂಭಿಸಲು ಬಂಡವಾಳ ಬೇಕಿರಲಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯೂ ಲೆಕ್ಕ ಬರೆಯುವವರನ್ನು ತಡೆಯಲಿಲ್ಲ. ಲೆಕ್ಕಪರಿಶೋಧನೆ ಮಾಡಿ ಸಹಿ ಹಾಕುವವರಿಗೆ ಅರ್ಹತೆ ಬೇಕು, ಬರೆಯುವವರಿಗೆ ಪರವಾನಗಿ ಬೇಡ. ಹಿರಿಯರೊಬ್ಬರ ಬಳಿ ಕಿರ್ದಿ, ಖಾತೆ, ಅಢಾವೆ ಪತ್ರಿಕೆ ಕಲಿತರೆ ಸಾಕಿತ್ತು. ಕಷ್ಟವಿದ್ದದ್ದು ಮೊದಲ ಅಂಗಡಿ ಹಿಡಿಯುವುದರಲ್ಲಿ. ತನ್ನ ಸಾಲ, ನಷ್ಟಗಳನ್ನು ಹೊಸಬನ ಮುಂದೆ ಬಿಚ್ಚಿಡಲು ಯಾವ ಮಾಲೀಕ ಒಪ್ಪುತ್ತಾನೆ? ಒಬ್ಬರ ಬಾಕಿಯ ವಿಷಯ ಇನ್ನೊಬ್ಬರ ಅಂಗಡಿಯಲ್ಲಿ ಬಾಯಿಬಿಟ್ಟರೆ ಕಸುಬು ಅಲ್ಲಿಗೇ ಮುಗಿಯಿತು.

ಆಮೇಲೂ ನೆಮ್ಮದಿಯಿಲ್ಲ. 1984ರ ಹಣಕಾಸು ಕಾಯಿದೆ, 40 ಲಕ್ಷ ರೂಪಾಯಿ ಮೀರಿದ ವಹಿವಾಟಿಗೆ ತೆರಿಗೆ ಲೆಕ್ಕಪರಿಶೋಧನೆ ಕಡ್ಡಾಯ ಮಾಡಿತು. ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ತಂತ್ರಾಂಶ ಸಿಗದೆ ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಮಗ ಭರತ್ ಅವರಿಂದ ಬರೆಸಿದ್ದೇ ಮುಂದೆ 'ಟ್ಯಾಲಿ' ಆಯಿತು. ಅವರ ಸಂಸ್ಥೆ ಆರಂಭವಾದದ್ದು 1986ರಲ್ಲಿ. ಕಂಪ್ಯೂಟರ್ ಬಂದ ಮೇಲೆ ಚೆಂದದ ಕೈಬರಹಕ್ಕೆ ಬೆಲೆ ಉಳಿಯಲಿಲ್ಲ. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ವ್ಯಾಟ್, 2017ರ ಜುಲೈ 1ರಂದು ದೇಶಕ್ಕೆಲ್ಲ ಜಿ.ಎಸ್.ಟಿ. ಬಂದವು. ಕಲಿತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಇಂದು ಬಿ.ಕಾಂ. ಮುಗಿಸಿ ಈ ಕಸುಬಿಗಿಳಿಯುವ ಯುವಕ ಯುವತಿಯರ ಚೀಲದಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ಮಾಲೀಕ ಬಿಲ್ಲು ಕೊಡುವುದು ತಡವಾಗಿ ರಿಟರ್ನ್ಸ್ ತಪ್ಪಿದರೆ ದಂಡ ಅಂಗಡಿಗೆ, ಬೈಗುಳ ಲೆಕ್ಕದವರಿಗೆ. ಅದನ್ನು ಸಹಿಸಿ ಮೊದಲ ವರ್ಷದ ಲೆಕ್ಕ ಸರಿಯಾಗಿ ಮುಗಿಸಿದರೆ, ಎರಡನೆಯ ಅಂಗಡಿಗೆ ಕರೆದೊಯ್ಯುವವರು ಮೊದಲ ಅಂಗಡಿಯವರೇ.